ಪುಸ್ತಕ ಕೊಯ್ದು ಹೊಲಿದ ಮೇಷ್ಟ್ರು

ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳಬೇಕು ಎಂದು ಕಲಿಸಿದ ಮನೆಯಿಂದ ಬಂದವಳು ನಾನು. ಚನ್ನಗಿರಿಯಲ್ಲಿ ಬಿ.ಎ. ಮೊದಲನೇ ವರ್ಷಕ್ಕೆ ಸೇರಿ ಎರಡು ವಾರವಾಗಿತ್ತಷ್ಟೆ. ನಮ್ಮ ಕನ್ನಡ ಮೇಷ್ಟ್ರು ಹೊಸ ಕಾದಂಬರಿಯೊಂದನ್ನು ಮೇಜಿನ ಮೇಲೆ ಬೋರಲು ಹಾಕಿ, ಜುಬ್ಬದ ಜೇಬಿನಿಂದ ಬ್ಲೇಡು ತೆಗೆದು, ಅದರ ಬೆನ್ನನ್ನು ಮೇಲಿಂದ ಕೆಳಗಿನವರೆಗೆ ಸೀಳಿಬಿಟ್ಟರು. ಮುಂದಿನ ಬೆಂಚಿನಲ್ಲಿ ಯಾರೋ ‘ಅಯ್ಯೋ’ ಎಂದರು. ನೋಟೀಸು ಹಿಡಿದು ಬಾಗಿಲಲ್ಲಿ ನಿಂತಿದ್ದ ಜವಾನ ನೋಟೀಸು ಕೊಡುವುದನ್ನೇ ಮರೆತ.

“ಪಾಪ ತಟ್ಟತೈತ್ರೀ ಸರ್” ಎಂದ.

“ಬೀರುವಿನಾಗೆ ಇಟ್ಟು ಬೀಗ ಹಾಕಿದ್ರೆ ತಟ್ಟತೈತೆ. ಓದಾಕೆ ಕೊಯ್ದ್ರೆ ತಟ್ಟಲ್ಲ” ಎಂದು ಮೇಷ್ಟ್ರು ಇನ್ನೊಂದು ಪ್ರತಿಯನ್ನು ಎತ್ತಿಕೊಂಡರು.

ಅವರು ಜಗಳೂರು ಕಡೆಯವರು. ಪಾಠ ಮಾಡುವಾಗ ಗ್ರಂಥದ ಕನ್ನಡ, ಸಿಟ್ಟು ಬಂದರೆ ಅಥವಾ ಖುಷಿಯಾದರೆ ಊರಿನ ಕನ್ನಡ. ಅವರ ಊರಿನಲ್ಲಿ ಅವರು ಹುಡುಗರಾಗಿದ್ದಾಗ ಇದ್ದದ್ದು ಒಂದೇ ಕಥೆ ಪುಸ್ತಕವಂತೆ. ಅದೂ ಹಾಳೆ ಉದುರಿ ಹೋದದ್ದು. ಒಬ್ಬನ ಮನೆಯಲ್ಲಿ ಮೊದಲ ಹಾಳೆಗಳು, ಇನ್ನೊಬ್ಬನ ಮನೆಯಲ್ಲಿ ನಡುವಿನವು. ಕಥೆ ಪೂರ್ತಿ ತಿಳಿಯಲು ಊರೆಲ್ಲ ಅಲೆಯಬೇಕಾಗಿತ್ತು. ಹಾಗೆ ಅಲೆದು ಓದಿದ್ದು ಮರೆಯುವುದಿಲ್ಲ ಎನ್ನುವುದು ಅವರ ನಂಬಿಕೆ. ಅದನ್ನೇ ಅವರು ಕಾಲೇಜಿಗೆ ತಂದಿದ್ದರು.

ವರ್ಷಕ್ಕೊಂದು ಪುಸ್ತಕ. ಆರ್ಟ್ಸ್ ಇರಲಿ ಕಾಮರ್ಸ್ ಇರಲಿ, ಮೊದಲನೇ ವರ್ಷದವರೆಲ್ಲ ಅದನ್ನು ಓದಬೇಕು. ಇದ್ದದ್ದು ನಾಲ್ಕು ಪ್ರತಿ, ಓದಬೇಕಾದವರು ತೊಂಬತ್ತು ಮಂದಿ. ಅದಕ್ಕೇ ಕೊಯ್ಯುತ್ತಿದ್ದರು. ಒಂದೊಂದು ಪ್ರತಿಯಲ್ಲಿ ಹನ್ನೆರಡು ಭಾಗ ಮಾಡಿ, ಗೋಣಿ ಹೊಲಿಯುವ ದಬ್ಬಣದಿಂದ ಒಂದೊಂದನ್ನೂ ಬೇರೆ ಹೊಲಿದು, ಸಿಮೆಂಟು ಚೀಲದ ಕಂದು ಕಾಗದದ ರಟ್ಟು ಹಾಕಿ, ಮೇಲೆ ಕೆಂಪು ಶಾಯಿಯಲ್ಲಿ ಅಂಕಿ ಬರೆಯುತ್ತಿದ್ದರು. ಅದಕ್ಕೆ ಕಂತು ಎಂದು ಹೆಸರು. ಮೂರನೇ ಕಂತು ಮುಗಿಸಿದವರು ನಾಲ್ಕನೆಯದು ಯಾರ ಹತ್ತಿರ ಇದೆಯೋ ಅವರನ್ನು ಹುಡುಕಿಕೊಂಡು ಹೋಗಿ ಬದಲಾಯಿಸಿಕೊಳ್ಳಬೇಕು. ಮೇಷ್ಟ್ರು ಹುಡುಕಿಕೊಡುವುದಿಲ್ಲ.

ಇದರಿಂದ ಏನೇನಾಯಿತು ಎಂದರೆ ನಗು ಬರುತ್ತದೆ. ಆ ಕಾಲದಲ್ಲಿ ನಮ್ಮ ಕಾಲೇಜಿನಲ್ಲಿ ಹುಡುಗಿಯರು ಹುಡುಗರ ಜೊತೆ ಮಾತಾಡುತ್ತಿರಲಿಲ್ಲ. ಐದನೇ ಕಂತಿನಲ್ಲಿ ಕಥೆ ಕುತ್ತಿಗೆಗೆ ಬಂದು ನಿಂತಿದೆ, ಆರನೆಯದು ಕೆರೆಬಿಳಚಿಯ ಹುಡುಗನ ಕೈಯಲ್ಲಿದೆ. ಕೇಳುವುದು ಹೇಗೆ? ನಾವು ಸೂಳೆಕೆರೆ ಕಡೆಯ ಬಸ್ಸಿನವರು ಕಂಡಕ್ಟರನ್ನು ಹಿಡಿದೆವು. ಅವರು ಟಿಕೆಟಿನ ಜೊತೆ ಕಂತನ್ನೂ ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಸಾಗಿಸುತ್ತಿದ್ದರು. ತಿಂಗಳು ಕಳೆಯುವುದರೊಳಗೆ ಅವರಿಗೂ ಹುಚ್ಚು ಹಿಡಿಯಿತು. “ಏಳನೇದು ಕೇಳ್ಬ್ಯಾಡ್ರಿ, ಇನ್ನೂ ನಂದೇ ಮುಗಿದಿಲ್ಲ” ಎಂದು ಚರ್ಮದ ಚೀಲದ ಬಾಯಿ ಮುಚ್ಚಿಕೊಂಡರು. ಹಾಸ್ಟೆಲಿನಲ್ಲಿದ್ದ ಸೂರಗೊಂಡನಕೊಪ್ಪದ ಹುಡುಗನೊಬ್ಬ ಹನ್ನೆರಡನೆಯದನ್ನೇ ಮೊದಲು ಓದಿ, ಗುಟ್ಟು ಗೊತ್ತಿರುವವನ ಹಾಗೆ ಎಲ್ಲರ ಮುಂದೆ ಬೀಗಿದ. ಮೇಷ್ಟ್ರು ಅವನಿಗೆ ಬೈಯಲಿಲ್ಲ. ಮೊದಲನೇ ಕಂತನ್ನು ತರಗತಿಯ ಎದುರು ನಿಂತು ಗಟ್ಟಿಯಾಗಿ ಓದಿಸಿದರು. ಓದುತ್ತ ಓದುತ್ತ ಅವನ ಮುಖ ಸಪ್ಪೆಯಾಯಿತು. ತನಗೆ ಎಷ್ಟು ನಷ್ಟವಾಗಿದೆ ಎಂದು ಅವನಿಗೇ ತಿಳಿದಿರಬೇಕು.

ಗಟ್ಟಿಯಾಗಿ ಓದುವುದೆಂದರೆ ಮೇಷ್ಟ್ರಿಗೆ ಪ್ರಾಣ. ಕನ್ನಡಕ ತೆಗೆದು, ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದರು. ಒಳ್ಳೆಯ ವಾಕ್ಯ ಸಿಕ್ಕಿತೋ, ಎಡಗೈಯಿಂದ ಮೇಜನ್ನು ಒಮ್ಮೆ ಸವರಿ, “ಇನ್ನೊಂದ್ಸಲ ಕೇಳ್ರಿ” ಎಂದು ಅದನ್ನೇ ಮತ್ತೆ ಓದುತ್ತಿದ್ದರು. ಆ ವಾಕ್ಯ ಕಾದಂಬರಿಯದೇ ಆಗಬೇಕೆಂದಿಲ್ಲ. ಹುಡುಗರ ರಜಾ ಚೀಟಿಯಲ್ಲಿ ಒಂದು ಚೆಂದದ ಮಾತು ಕಂಡರೂ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿ, ರಜೆ ಮಂಜೂರು ಮಾಡುವುದನ್ನು ಮರೆಯುತ್ತಿದ್ದರು. ಆಗ ಅದು ನಮಗೆ ಮುದ್ದಾಗಿ ಕಾಣುತ್ತಿತ್ತು.

ಪ್ರತಿ ಕಂತಿನ ಕೊನೆಗೂ ಅವರು ಎರಡು ಖಾಲಿ ಹಾಳೆ ಸೇರಿಸಿ ಹೊಲಿಯುತ್ತಿದ್ದರು. ಅದಕ್ಕೆ ಬಾಲಂಗೋಚಿ ಎನ್ನುತ್ತಿದ್ದರು. ಓದಿದವರು ಅನಿಸಿದ್ದನ್ನು ಅಲ್ಲಿ ಬರೆಯಬೇಕು. ಹೆಸರು ಹಾಕಬಾರದು. ಹೊಗಳಬೇಕೆಂದಿಲ್ಲ, ಸಾರಾಂಶವಂತೂ ಬೇಡವೇ ಬೇಡ. ಓದುವಾಗ ನಿಮ್ಮ ಮನೆಯದು ಏನು ನೆನಪಾಯಿತೋ ಅದನ್ನು ಬರೆಯಿರಿ ಎಂದಿದ್ದರು. ಯಾರೂ ಬರೆಯಲಿಲ್ಲ. ಮೊದಲ ವಾರ ನಾಲ್ಕೂ ಪ್ರತಿಗಳ ಬಾಲಂಗೋಚಿ ಖಾಲಿ ಬಂದವು. ಆಗ ಅವರು ಕುರ್ಚಿಯಿಂದೆದ್ದು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ.

“ಇಲ್ಲಿ ಬರ್ದಿದ್ದು ಕಂತು ಓದಿದವರ ನಡುವೆ ಇರತೈತೆ. ಓದದವರ ಕಿವಿಗೆ ಬೀಳಲ್ಲ. ಪ್ರಿನ್ಸಿಪಾಲರಿಗಿಲ್ಲ, ನಿಮ್ಮ ಮನೆಯವರಿಗಿಲ್ಲ. ನಾನು ಮಾತು ಕೊಡ್ತೀನಿ.”

ನಾನು ನಂಬಿದೆ. ಹದಿನೆಂಟು ವರ್ಷದವಳಿಗೆ ಅಲ್ಲಿಯವರೆಗೆ ಯಾರೂ ಮಾತು ಕೊಟ್ಟಿರಲಿಲ್ಲ. ಹೇಳುತ್ತಿದ್ದರು, ಕಳಿಸುತ್ತಿದ್ದರು, ಕರೆಯುತ್ತಿದ್ದರು, ಅಷ್ಟೇ.

ಆ ವರ್ಷದ ಕಾದಂಬರಿಯಲ್ಲಿ ದೋಣಿ ನಡೆಸುವವನ ಮಗಳೊಬ್ಬಳು ಬರುತ್ತಾಳೆ. ಒಂಬತ್ತನೇ ಕಂತಿನಲ್ಲಿ ಅವಳ ಮದುವೆ ಗೊತ್ತಾಗುತ್ತದೆ. ನನ್ನ ಮದುವೆಯೂ ಗೊತ್ತಾಗಿತ್ತು, ಹೊನ್ನಾಳಿಯಲ್ಲಿದ್ದ ಅವ್ವನ ತಮ್ಮನ ಜೊತೆ. ಮಾವ ಕೆಟ್ಟವನಲ್ಲ. ನಾನು ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದವನು. ಅವನನ್ನು ಗಂಡ ಎಂದುಕೊಂಡರೆ ನನಗೆ ಊಟ ಸೇರುತ್ತಿರಲಿಲ್ಲ. ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲ. ಒಂಬತ್ತನೇ ಕಂತಿನ ಆ ಪ್ರತಿಯನ್ನು ಕೊನೆಗೆ ಓದುವವಳು ನಾನೇ, ನನ್ನಿಂದ ಅದು ನೇರ ಮೇಷ್ಟ್ರ ಕೈಗೆ ಹೋಗುತ್ತದೆ ಎಂದು ಲೆಕ್ಕ ಹಾಕಿ, ಬಾಲಂಗೋಚಿಯಲ್ಲಿ ಅರ್ಧ ಪುಟ ಬರೆದೆ. ಅದರ ಕೊನೆ ಹೀಗಿತ್ತು: ‘ನಮ್ಮಪ್ಪ ಒಳ್ಳೆಯವನು. ನಾನು ಬೇಡ ಅಂತೀನಿ ಅಂತ ಅಪ್ಪನಿಗೆ ಗೊತ್ತು. ಅದಕ್ಕೇ ಅಪ್ಪ ನನ್ನನ್ನು ಕೇಳುವುದಿಲ್ಲ.’

ಬರೆದ ಮೇಲೆ ಎಷ್ಟೋ ಹಗುರವಾಯಿತು. ಆ ಎರಡು ದಿನ ಊಟವೂ ಸೇರಿತು.

ನಮ್ಮಪ್ಪನದು ಹಿಟ್ಟಿನ ಗಿರಣಿ. ಸೂಳೆಕೆರೆಯ ಏರಿಯಿಂದ ಸ್ವಲ್ಪ ದೂರದಲ್ಲಿ ನಮ್ಮೂರು. ಸುತ್ತಲ ನಾಲ್ಕು ಹಳ್ಳಿಗೆ ಅದೊಂದೇ ಗಿರಣಿ. ಶನಿವಾರ ಮಧ್ಯಾಹ್ನ ಜನ ಜಾಸ್ತಿ. ರಾಗಿ, ಜೋಳ ತುಂಬಿದ ಡಬ್ಬಗಳನ್ನು ಸಾಲಿಗಿಟ್ಟು ಹೆಂಗಸರು ಗೋಡೆಗೆ ಒರಗಿ ಕೂತಿರುತ್ತಿದ್ದರು. ಆ ವಾರದ ಶನಿವಾರವೂ ನಾನು ಅಪ್ಪನಿಗೆ ಬುತ್ತಿ ತಂದಿದ್ದೆ. ಆ ಹೊತ್ತಿನಲ್ಲಿ ಮೇಷ್ಟ್ರು ಬಸ್ಸಿಳಿದು ಛತ್ರಿ ಬಿಡಿಸಿಕೊಂಡು ಬರುವುದು ಕಂಡಿತು. ನನಗಾದ ಹಿಗ್ಗು ಹೇಳತೀರದು. ನಮ್ಮ ಸರ್ ನಮ್ಮೂರಿಗೆ, ನಮ್ಮ ಗಿರಣಿಗೆ! ಓಡಿ ಹೋಗಿ ಕಬ್ಬಿಣದ ಕುರ್ಚಿ ತಂದು, ಅದರ ಮೇಲಿನ ಹಿಟ್ಟನ್ನು ನನ್ನ ಸೆರಗಿನಿಂದಲೇ ಒರೆಸಿದೆ. ಅಪ್ಪ ಹುಬ್ಬಿನ ಮೇಲಿನ ಹಿಟ್ಟು ಕೊಡವಿಕೊಂಡು ಕೈ ಮುಗಿದ.

ಮೇಷ್ಟ್ರು ಕೂರಲಿಲ್ಲ. “ಇಂಜಿನ್ ಒಂದೀಟು ನಿಲ್ಲಿಸ್ತೀರಾ ಯಜಮಾನ್ರೇ? ಒಂದು ಓದಬೇಕಾಗಿತ್ತು” ಎಂದರು.

ಆ ಇಂಜಿನ್ ಒಮ್ಮೆ ನಿಂತರೆ ಮತ್ತೆ ಹ್ಯಾಂಡಲ್ ತಿರುವಿ ಶುರು ಮಾಡಲು ಇಬ್ಬರು ಗಂಡಸರು ಬೇಕು. ಯಾರಿಗಾಗಿಯೂ ಅಪ್ಪ ಅದನ್ನು ನಡುವೆ ನಿಲ್ಲಿಸಿದವನಲ್ಲ. ಮಗಳ ಮೇಷ್ಟ್ರು ಎಂದು ನಿಲ್ಲಿಸಿದ. ಬೆಲ್ಟು ಪಟಪಟ ಬಡಿದು ಸುಮ್ಮನಾಯಿತು. ಅಷ್ಟು ದಿನ ಆ ಸದ್ದಿನಲ್ಲೇ ಬೆಳೆದವಳಿಗೆ ಆ ಮೌನ ಹೊಸದು. ಮೇಷ್ಟ್ರು ಕನ್ನಡಕ ತೆಗೆದರು. ಜೇಬಿನಿಂದ ಒಂದು ಹಾಳೆ ಹೊರಗೆ ಬಂತು. ಅಂಚಿನಲ್ಲಿ ದಬ್ಬಣದ ತೂತುಗಳಿದ್ದವು.

ನನಗೆ ಗೊತ್ತಾಯಿತು. “ಸರ್, ಬ್ಯಾಡ ಸರ್” ಎಂದೆ. ಅವರಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಬೇಡವಾಯಿತೋ ನಾನರಿಯೆ. ಓದಿದರು. ಹದಿನೈದು ಇಪ್ಪತ್ತು ಜನ ಕೇಳಿದರು. ಊಟ ಸೇರದ್ದು, ಮಾವನ ಹೆಗಲು, ಎಲ್ಲ. ಕೊನೆಯ ಮಾತಿಗೆ ಬಂದಾಗ ಅವರ ಎಡಗೈ ತಾನಾಗಿಯೇ ಎದ್ದಿತು. ಸವರಲು ಅಲ್ಲಿ ಮೇಜಿರಲಿಲ್ಲ, ಹಿಟ್ಟಿನ ಡಬ್ಬದ ಅಂಚನ್ನು ಸವರಿದರು.

“ಇನ್ನೊಂದ್ಸಲ ಕೇಳ್ರಿ” ಎಂದು ಅದನ್ನು ಮತ್ತೆ ಓದಿದರು.

ಅಪ್ಪ ಎರಡೂ ಸಲ ತಲೆ ತಗ್ಗಿಸಿ ಕೇಳಿದ. ಮುಗಿದ ಮೇಲೆ “ಮುಗೀತೇನ್ರೀ ಮೇಷ್ಟ್ರೇ? ಜನ ಕಾಯ್ತಾ ಅದಾರೆ” ಎಂದು ಇಬ್ಬರನ್ನು ಕರೆದು ಹ್ಯಾಂಡಲ್ ಹಾಕಿದ. ನಾನು ತಂದ ಬುತ್ತಿ ಸಂಜೆಯವರೆಗೂ ಗಂಟು ಬಿಚ್ಚದೆ ಹಾಗೇ ಇತ್ತು.

ಸೋಮವಾರ ನಾನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ನೀವು ಮಾತು ಕೊಟ್ಟಿದ್ರಿ ಸರ್” ಎಂದೆ.

ಅವರ ಮುಖದಲ್ಲಿ ತಪ್ಪಿನ ಸುಳಿವೂ ಇರಲಿಲ್ಲ. “ನಿಮ್ಮಪ್ಪ ಎಂಥ ಕೇಳುಗ ಅಂತೀನಮ್ಮಾ! ನಡುವೆ ಒಂದು ಮಾತಾಡಲಿಲ್ಲ. ನೀನು ಬಾಯಿಬಿಟ್ಟು ಹೇಳಾಕೆ ಆಗದ್ದನ್ನ ನಿನ್ನ ಬರಹ ಹೇಳ್ತು. ನೋಡು, ಅಪ್ಪನ ಮನಸ್ಸು ಕರಗತೈತೆ” ಎಂದರು. ಅವರು ಬೇಕೆಂದೇ ನನ್ನನ್ನು ನೋಯಿಸಲು ಬಂದವರಲ್ಲ. ಅದೇ ನನಗೆ ಹೆಚ್ಚು ಉರಿಯುವುದು. ಅವರಿಗೆ ನನ್ನ ವಾಕ್ಯ ಕಂಡಿತು, ನಾನು ಕಾಣಲಿಲ್ಲ. ಗೋಡೆಗೆ ಒರಗಿ ಕೂತ ಹೆಂಗಸರು ಕಾಣಲಿಲ್ಲ. ಹೇಳಲೇಬೇಕೆಂದಿದ್ದರೆ ಅಪ್ಪನನ್ನು ಏರಿಯ ಮೇಲೆ ಕರೆದುಕೊಂಡು ಹೋಗಿ ಕಿವಿಯಲ್ಲಿ ಹೇಳಬಹುದಿತ್ತು. ಹಾಗೆ ಹೇಳಿದರೆ ಗಟ್ಟಿಯಾಗಿ ಓದಿದಂತಾಗುವುದಿಲ್ಲವಲ್ಲ.

ಸುದ್ದಿ ವಾರದೊಳಗೆ ಹೊನ್ನಾಳಿ ಮುಟ್ಟಿತು. ಮಾವ ತಾನೇ ಬಂದ. ಒಳಗೆ ಬರಲಿಲ್ಲ, ಜಗಲಿಯ ಮೇಲೆ ನಿಂತೇ ಅವ್ವನಿಗೆ ಹೇಳಿದ, “ಅಕ್ಕಾ, ಬ್ಯಾಡ ಅಂತ ನಾಕು ಊರಿಗೆ ಸಾರಿದ ಹುಡುಗೀನ ಕರ್ಕಂಡೋಗಿ ನಾನೇನು ಮಾಡಾನ? ನಿನ್ನ ಮಗಳಿಗೆ ಒಳ್ಳೇದಾಗಲಿ. ನಮ್ಮನಿ ಕಡೆ ಮಾತ್ರ ಬರಬ್ಯಾಡ್ರಿ.” ಅವ್ವ ಅವನ ಹಿಂದೆ ಬಸ್ ನಿಲ್ದಾಣದವರೆಗೂ ಅಳುತ್ತ ಹೋದಳು. ಅಂದಿನಿಂದ ಅವ್ವನಿಗೆ ತವರಿಲ್ಲ. ಅಜ್ಜಿ ತೀರಿಕೊಂಡದ್ದು ನಮಗೆ ತಿಳಿದದ್ದು ಮಣ್ಣಾಗಿ ಮೂರು ದಿನದ ಮೇಲೆ, ಬೇರೆ ಯಾರದೋ ಬಾಯಿಂದ.

ಮದುವೆ ನಿಂತಿತು. ನನಗೆ ಬೇಕಾಗಿದ್ದದ್ದೂ ಅದೇ. ಹೀಗಂತ ಜನ ಈಗಲೂ ನನಗೆ ನೆನಪಿಸುತ್ತಾರೆ. ನಾನು ಓದಿದೆ, ನ್ಯಾಮತಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ, ಮನಸ್ಸಿಗೆ ಒಪ್ಪಿದವರನ್ನು ಮದುವೆಯಾಗಿದ್ದೇನೆ. ಎಲ್ಲ ಮೇಷ್ಟ್ರ ಪುಣ್ಯ ಎನ್ನುವವರಿಗೆ ನಮ್ಮ ಮನೆಯೊಳಗೆ ಏನಾಯಿತು ಎಂಬುದು ಗೊತ್ತಿಲ್ಲ.

ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ, ಕಾಲೇಜು ಬಿಡಿಸಲಿಲ್ಲ. ಕೇಳತೊಡಗಿದ. ಅದಕ್ಕೆ ಮುಂಚೆ ಗಿರಣಿಯಿಂದ ಬಂದವನೇ “ನೀರು ಕೊಡವ್ವಾ”, “ಬಾ ಇಲ್ಲಿ, ಬೆನ್ನು ತಿಕ್ಕು”, “ಉಣ್ಣು, ಸಾಕು ಓದಿದ್ದು” ಎನ್ನುತ್ತಿದ್ದವನು, ಆ ಶನಿವಾರದಿಂದ ಪ್ರತಿಯೊಂದನ್ನೂ ಕೇಳುತ್ತಿದ್ದ. “ಉಣ್ತೀಯೇನವ್ವಾ, ಬ್ಯಾಡೇನವ್ವಾ?” “ದೀಪ ಆರಿಸಲೇನವ್ವಾ?” “ಹಬ್ಬಕ್ಕೆ ಸೀರೆ ತರಬೇಕು ಅಂತ ಇದೀನಿ, ನಿನ್ನ ಒಪ್ಪಿಗೆ ಐತೇನವ್ವಾ?” ವ್ಯಂಗ್ಯವಲ್ಲ, ಕೋಪವಲ್ಲ. ಬೇರೆಯವರ ಮನೆಯ ಹುಡುಗಿಯ ಹತ್ತಿರ ಮಾತಾಡಿದ ಹಾಗೆ, ತೂಕ ಮಾಡಿ. ಗಂಡನ ಮನೆಗೆ ಹೊರಟ ದಿನವೂ, “ನಾನು ಕಣ್ಣೀರು ಹಾಕಬಹುದೇನವ್ವಾ?” ಎಂದು ಕೇಳಿದ. ಅಪ್ಪ ಒಂದೇ ಒಂದು ಸಲ ನನ್ನ ಮೇಲೆ ರೇಗಿ, ಏನಾದರೂ ಮಾಡು ಎಂದು ಗದರಿದ್ದರೆ ನಾನು ಆ ಹಿಟ್ಟಿನ ನೆಲದ ಮೇಲೆ ಕೂತು ಅತ್ತು ಎಲ್ಲ ಮುಗಿಸಿಬಿಡುತ್ತಿದ್ದೆ. ಹನ್ನೊಂದು ವರ್ಷ ಅವನು ಕೇಳಿಯೇ ಕೇಳಿದ.

ಇತ್ತ ಮೇಷ್ಟ್ರು ಹೇಳಿಯೇ ಹೇಳಿದರು. ಕಾಲೇಜಿನಲ್ಲಿದ್ದಷ್ಟು ದಿನ ನಾನು ಮತ್ತೆ ಬಾಲಂಗೋಚಿಯಲ್ಲಿ ಒಂದಕ್ಷರ ಬರೆಯಲಿಲ್ಲ. “ಯಾಕಮ್ಮಾ ಖಾಲಿ?” ಎಂದು ಅವರೇ ನನ್ನ ಮೇಲೆ ಮುನಿಸಿಕೊಂಡರು. ಮದುವೆ ನಿಂತ ಸುದ್ದಿ ಕೇಳಿದ ಮೇಲಂತೂ ಹಿಡಿಯುವವರಿಲ್ಲ. ಪ್ರತಿ ವರ್ಷ ಹೊಸಬರ ಮುಂದೆ ಹೊಸ ಪುಸ್ತಕದ ಬೆನ್ನು ಸೀಳುವ ಮೊದಲು ‘ಒಬ್ಬ ಹುಡುಗಿ’ಯ ಕಥೆ. ನಮ್ಮ ಊರಿನಿಂದ ಆ ಕಾಲೇಜಿಗೆ ಹೋದ ಹುಡುಗಿಯೊಬ್ಬಳು ಬಂದು, “ಅಕ್ಕಾ, ಸರ್ ಇವತ್ತು ನಿಂದೇ ಹೇಳಿದ್ರು. ನಿಮ್ಮಪ್ಪ ಅತ್ತರಂತೆ?” ಎಂದಳು. ಮರುವರ್ಷ ಇನ್ನೊಬ್ಬ ಬಂದು ನಮ್ಮಪ್ಪ ಮೇಷ್ಟ್ರ ಕಾಲಿಗೆ ಬಿದ್ದನಂತೆ ಎಂದ. ಅದರ ಮುಂದಿನ ವರ್ಷದ ಕಥೆಯಲ್ಲಿ ಇಂಜಿನ್ ತಾನಾಗಿಯೇ ನಿಂತಿತ್ತು.

ನಿವೃತ್ತಿಯ ಸಮಾರಂಭಕ್ಕೆ ಕರೆದರು, ಹೋದೆ. ಯಾಕೆ ಹೋದೆ ಎಂದರೆ, ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಒಂದು ಸಲ ಹೇಳಬೇಕಿತ್ತು. ಹಾರಗಳ ನಡುವೆ ಕೂತಿದ್ದವರ ಪಕ್ಕಕ್ಕೆ ಹೋಗಿ ಮೆಲ್ಲಗೆ, “ಸರ್, ನಮ್ಮಪ್ಪ ಅಳಲಿಲ್ಲ. ನಿಮ್ಮ ಕಾಲಿಗೂ ಬೀಳಲಿಲ್ಲ” ಎಂದೆ.

ಅವರು ನನ್ನ ಕೈ ಹಿಡಿದುಕೊಂಡು ನಕ್ಕರು. “ಗೊತ್ತು ಕಣಮ್ಮಾ. ಕಥೆಗೆ ಬೇಕಾಗತೈತೆ” ಎಂದರು.

ನಾನು ಕೈ ಬಿಡಿಸಿಕೊಂಡು ಊಟ ಮಾಡದೆ ಬಸ್ಸು ಹತ್ತಿದೆ. ಅದೇ ಕೊನೆ. ಮಾರನೆಯ ವರ್ಷ ತೀರಿಕೊಂಡರು. ಸುದ್ದಿ ಕೇಳಿ ಅತ್ತೆ ಎಂಬುದನ್ನು ಮುಚ್ಚಿಡುವುದಿಲ್ಲ. ನನಗೆ ಓದಿನ ಹುಚ್ಚು ಹಿಡಿಸಿದವರು ಅವರೇ. ನನ್ನ ಶಾಲೆಯಲ್ಲಿ ನಾನೂ ವರ್ಷಕ್ಕೊಂದು ಪುಸ್ತಕ ಕೊಯ್ದು ಕಂತು ಮಾಡಿ ಹೊಲಿಯುತ್ತೇನೆ. ಬಾಲಂಗೋಚಿ ಮಾತ್ರ ಸೇರಿಸುವುದಿಲ್ಲ.

ನುಡಿನಮನದ ಕಾರ್ಡು ಅಂಚೆಯಲ್ಲಿ ಬಂತು. ಸ್ಮರಣ ಸಂಚಿಕೆಗೆ ಎರಡು ಪುಟ ಬರೆದುಕೊಡಿ, ಒಳ್ಳೆಯದನ್ನೇ ಬರೆಯಿರಿ ಎಂದು ಹಿಂಬದಿಯಲ್ಲಿ ಯಾರೋ ಹಳೆಯ ವಿದ್ಯಾರ್ಥಿ ಗೀಚಿದ್ದರು. ಮುಂದುಗಡೆ ಮೇಷ್ಟ್ರ ಭಾವಚಿತ್ರ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ‘ಬೇಡ ಎನ್ನುತ್ತಾರೆಂದು ಗೊತ್ತಿದ್ದರೆ ನಾವು ಕೇಳುವುದೇ ಇಲ್ಲ.’ ಅದರ ಕೆಳಗೆ ಅವರ ಹೆಸರು.

ಮೊದಲು ನನಗೆ ಅರ್ಥವೇ ಆಗಲಿಲ್ಲ. ಮತ್ತೊಮ್ಮೆ ಓದಿದಾಗ ಅದು ನನ್ನ ಬಾಲಂಗೋಚಿಯ ಮಾತು ಎಂದು ಗುರುತು ಸಿಕ್ಕಿತು. ಹೇಳಿ ಹೇಳಿ ಅದು ಅವರದೇ ಆಗಿಬಿಟ್ಟಿತ್ತು. ಹುಡುಗಿ ಉದುರಿ ಹೋಗಿದ್ದಳು, ಗಿರಣಿ ಉದುರಿ ಹೋಗಿತ್ತು, ಮಾತು ಮಾತ್ರ ಅವರ ಹೆಸರಿಗೆ ಅಂಟಿಕೊಂಡು ಉಳಿದಿತ್ತು. ಕಾರ್ಡು ಮಾಡಿಸಿದವರಿಗೆ ಅದು ಮೇಷ್ಟ್ರ ನುಡಿ. ಅವರನ್ನು ಬೈದು ಏನು ಮಾಡಲಿ.

ಆ ಭಾನುವಾರ ಊರಿಗೆ ಹೋದಾಗ ಕಾರ್ಡು ನನ್ನ ಚೀಲದಲ್ಲೇ ಇತ್ತು. ಗಿರಣಿಯಲ್ಲಿ ಕೂತು ಚೀಲದಿಂದ ಅಪ್ಪನ ಮಾತ್ರೆ ತೆಗೆಯುವಾಗ ಅದೂ ಹೊರಗೆ ಬಿತ್ತು. ಅಪ್ಪ ಎತ್ತಿಕೊಂಡ. ಅಪ್ಪನಿಗೆ ಓದು ಅಷ್ಟಕ್ಕಷ್ಟೇ, ಅಕ್ಷರ ಕೂಡಿಸಿಕೊಂಡು ತುಟಿ ಆಡಿಸುತ್ತ ಓದುತ್ತಾನೆ. ದಪ್ಪ ಅಕ್ಷರಗಳ ಮೇಲೆ ಬೆರಳಿಟ್ಟು ಒಮ್ಮೆ ಓದಿದ. ಮತ್ತೊಮ್ಮೆ ಓದಿದ. ಬೆರಳು ಕೆಳಗೆ ಇಳಿದು ಹೆಸರಿನ ಮೇಲೆ ನಿಂತಿತು.

“ಇದು ನಿಂದಲ್ಲೇನವ್ವಾ?” ಎಂದ.

ಹೌದೆಂದು ತಲೆಯಾಡಿಸಿದೆ.

“ಇದ್ರಾಗೆ ಅಪ್ಪ ಅಂತ ಇತ್ತು. ಎರಡು ಕಡೆ ಇತ್ತು. ಅದಕ್ಕೂ ಮುಂಚೆ ನಮ್ಮಪ್ಪ ಒಳ್ಳೆಯವನು ಅಂತ ಇತ್ತು.” ಅಪ್ಪ ಕಾರ್ಡನ್ನು ತಿರುಗಿಸಿ ನೋಡಿದ, ಹಿಂದೆ ಎಲ್ಲಿಯಾದರೂ ಇದೆಯೇನೋ ಎಂದು. “ನನ್ನ ತೆಗೆದು ಹಾಕ್ಯಾರೆ.”

“ಹೌದಪ್ಪಾ” ಎಂದೆ.

ಅಪ್ಪ ಕಾರ್ಡನ್ನು ನನ್ನ ಕೈಗೆ ಕೊಟ್ಟು, ಎದ್ದು, ಬೆಲ್ಟಿನ ಕಡೆ ಹೊರಟವನು ಅಲ್ಲೇ ನಿಂತು ತಿರುಗಿದ. ಅವನ ದನಿ ಜೋರಾಗಿತ್ತು.

“ಅದನ್ನ ಸರಿ ಮಾಡು. ಹೆಂಗಿತ್ತೋ ಹಂಗೇ ಬರಿ, ನಿನ್ನ ಹೆಸರು ಹಾಕು, ಕಳಿಸು.”

ಬರೆಯುತ್ತೀಯೇನವ್ವಾ ಎಂದು ಅಪ್ಪ ಕೇಳಲಿಲ್ಲ.